ದಾನಿಯ ವೀರ್ಯ ಮನೆಗೆ ತರಬಹುದೇ? ಬೆಂಗಳೂರಿನ ಕ್ಲಿನಿಕ್‌ಗಳಿಗೆ ಕಾನೂನು ಎಳೆದಿರುವ ಗೆರೆ

ಫಲವತ್ತತೆ ಕ್ಲಿನಿಕ್‌ನಿಂದ ದಾನಿಯ ವೀರ್ಯ ಪಡೆದು, ಮನೆಗೆ ತಂದು, ಸಿರಿಂಜ್‌ನಲ್ಲಿ ತಾವೇ ಹಾಕಿಕೊಳ್ಳಬಹುದೇ? ಗಂಡನಲ್ಲಿ ವೀರ್ಯಾಣುವೇ ಇಲ್ಲ ಎಂದು ರಿಪೋರ್ಟ್ ಬಂದ ದಂಪತಿ, ಒಬ್ಬಳೇ ಮಗು ಬೆಳೆಸುತ್ತೇನೆ ಎಂದು ನಿರ್ಧರಿಸಿದ ಹೆಣ್ಣುಮಗಳು, ಒಳಪರೀಕ್ಷೆ ಎಂದರೆ ಮೈ ಬಿಗಿಯುವವರು, ಇವರೆಲ್ಲ ಕೇಳುವ ಪ್ರಶ್ನೆ ಇದು. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಅಮೆರಿಕದ ವೀರ್ಯ ಬ್ಯಾಂಕ್‌ಗಳು ಮನೆ ಬಾಗಿಲಿಗೇ ಘನೀಕರಿಸಿದ ವೀರ್ಯದ ಟ್ಯಾಂಕ್ ಕಳಿಸುವ ವಿಡಿಯೊಗಳನ್ನು ನೋಡಿದವರಿಗೆ ಇಲ್ಲಿಯೂ ಹಾಗೇ ಇರಬಹುದು ಅನ್ನಿಸುವುದು ಸಹಜ.

ಭಾರತದಲ್ಲಿ ಉತ್ತರ: ಆಗುವುದಿಲ್ಲ. ದಾನಿಯ ವೀರ್ಯ ನಿಮ್ಮ ಕೈಗೆ ಬರುವ ದಾರಿಯನ್ನು ಕಾನೂನು ಇಟ್ಟೇ ಇಲ್ಲ. ಅದು ಬ್ಯಾಂಕ್‌ನಿಂದ ಕ್ಲಿನಿಕ್‌ಗೆ, ಕ್ಲಿನಿಕ್‌ನ ಲ್ಯಾಬ್‌ನಿಂದ ನೇರವಾಗಿ ಗರ್ಭಾಶಯಕ್ಕೆ ಹೋಗಬೇಕು. ಆದರೆ ಗಂಡನ ವೀರ್ಯವನ್ನು ಮನೆಯಲ್ಲೇ ಬಳಸುವುದು ಬೇರೆ ಸಂಗತಿ, ಅದಕ್ಕೆ ಬೇರೆ ಉತ್ತರವಿದೆ. ಈ ಎರಡನ್ನೂ ಒಂದೇ ಎಂದುಕೊಂಡು, ಮಾಡಬಹುದಾದ್ದನ್ನು ಬಿಟ್ಟು ಮಾಡಬಾರದ್ದಕ್ಕೆ ಕೈ ಹಾಕುವವರಿದ್ದಾರೆ. ಹಾಗಾಗಿ ಎರಡನ್ನೂ ಬಿಡಿಸಿ ಹೇಳಬೇಕು.

ಸಿರಿಂಜ್ ಹಿಡಿದರೂ ಅದು ಎಆರ್‌ಟಿ

ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ 2021ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಪಾಸಾಗಿ, 2022ರ ಜನವರಿ 25ರಿಂದ ಜಾರಿಗೆ ಬಂತು. ಅದರ ನಿಯಮಗಳು ಅದೇ ವರ್ಷದ ಜೂನ್‌ನಲ್ಲಿ ಪ್ರಕಟವಾದವು. ಎಲ್ಲರೂ ಇದನ್ನು ಎಆರ್‌ಟಿ ಕಾಯ್ದೆ ಎಂದೇ ಕರೆಯುತ್ತಾರೆ. ಲ್ಯಾಬ್‌ನಲ್ಲಿ ಅಂಡಾಣು, ವೀರ್ಯಾಣು ಸೇರಿಸಿ ಭ್ರೂಣ ಮಾಡುವ ಐವಿಎಫ್‌ಗೆ ಮಾತ್ರ ಸಂಬಂಧಿಸಿದ್ದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ವೀರ್ಯಾಣು ಅಥವಾ ಅಂಡಾಣುವನ್ನು ದೇಹದ ಹೊರಗೆ ನಿರ್ವಹಿಸಿ, ಹೆಣ್ಣಿನ ಸಂತಾನೋತ್ಪತ್ತಿ ಅಂಗಕ್ಕೆ ಸೇರಿಸಿ ಗರ್ಭ ನಿಲ್ಲಿಸುವ ಎಲ್ಲ ವಿಧಾನವೂ ಎಆರ್‌ಟಿ ಎಂದು ಕಾಯ್ದೆ ವ್ಯಾಖ್ಯಾನಿಸಿದೆ. ವೀರ್ಯ ತೊಳೆದು ಗರ್ಭಾಶಯಕ್ಕೆ ಬಿಡುವ ಐಯುಐ ಕೂಡ ಇದರೊಳಗೇ ಬರುತ್ತದೆ.

ಈ ಕಾರಣಕ್ಕೇ ನಿಯಮಗಳು ಕ್ಲಿನಿಕ್‌ಗಳನ್ನು ಎರಡು ಹಂತ ಮಾಡಿವೆ. ಬರೀ ಐಯುಐ ಮಾಡುವುದು ಲೆವೆಲ್ 1. ಅಂಡಾಣು ಹೊರತೆಗೆದು ಐವಿಎಫ್, ಇಕ್ಸಿ (ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚುವುದು) ಮಾಡುವುದು ಲೆವೆಲ್ 2. ವೀರ್ಯ, ಅಂಡಾಣು ಸಂಗ್ರಹದ ಎಆರ್‌ಟಿ ಬ್ಯಾಂಕ್‌ಗೆ ಬೇರೆಯದೇ ನೋಂದಣಿ. ನೋಂದಣಿ 5 ವರ್ಷಕ್ಕೆ ಇರುತ್ತದೆ, ಆಮೇಲೆ ನವೀಕರಿಸಬೇಕು. ನಿಮ್ಮ ಬಡಾವಣೆಯ ಸಣ್ಣ ನರ್ಸಿಂಗ್ ಹೋಂನಲ್ಲಿ 20 ವರ್ಷದಿಂದ ಐಯುಐ ಮಾಡುತ್ತಿದ್ದ ಡಾಕ್ಟರಮ್ಮನೂ ಈಗ ಲೆವೆಲ್ 1 ನೋಂದಣಿ ಇಲ್ಲದೆ ಮಾಡುವಂತಿಲ್ಲ, ಗಂಡನದೇ ವೀರ್ಯವಾದರೂ. ನೋಂದಣಿ ಕೊಡುವುದು ಜಾಗ, ಉಪಕರಣ, ಸಿಬ್ಬಂದಿ ಇವುಗಳನ್ನು ನೋಡಿ. ಹಾಗಾಗಿ ‘ನಮ್ಮ ನರ್ಸ್ ನಿಮ್ಮ ಫ್ಲಾಟ್‌ಗೇ ಬಂದು ಮಾಡಿಕೊಡುತ್ತಾರೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ.

ದಾನಿಯಿಂದ ಗರ್ಭಾಶಯದವರೆಗೆ ಇರುವ ಸರಪಣಿ

ಮನೆಗೆ ಏಕೆ ಕೊಡುವುದಿಲ್ಲ ಎಂಬುದು ತಿಳಿಯಬೇಕಾದರೆ ಒಂದು ಸ್ಟ್ರಾ (ವೀರ್ಯ ತುಂಬಿಡುವ ಸಣ್ಣ ಕೊಳವೆ) ವೀರ್ಯದ ಹಿಂದೆ ಏನೇನು ನಡೆದಿರುತ್ತದೆ ಎಂದು ನೋಡಬೇಕು. ದಾನಿಯನ್ನು ಹುಡುಕುವುದು, ಪರೀಕ್ಷಿಸುವುದು, ವೀರ್ಯ ಸಂಗ್ರಹಿಸಿ ಇಡುವುದು, ಈ ಮೂರನ್ನೂ ಪ್ರತ್ಯೇಕವಾಗಿ ನೋಂದಾಯಿಸಿದ ಬ್ಯಾಂಕ್ ಮಾತ್ರ ಮಾಡಬಹುದು. ಕ್ಲಿನಿಕ್ ತಾನೇ ಯಾರನ್ನೋ ಕರೆತಂದು ಸ್ಯಾಂಪಲ್ ಪಡೆಯುವಂತಿಲ್ಲ, ಬ್ಯಾಂಕ್‌ನಿಂದಲೇ ತರಿಸಬೇಕು. ದಾನಿಯ ವಯಸ್ಸು 21ರಿಂದ 55ರ ಒಳಗೆ ಇರಬೇಕು. ಹೆಸರು, ವಿಳಾಸ, ಆಧಾರ್ ಸಂಖ್ಯೆ ಬ್ಯಾಂಕ್‌ನ ದಾಖಲೆಯಲ್ಲಿ ಇರಬೇಕು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಪರೀಕ್ಷೆ ಆಗಿರಬೇಕು.

ಒಂದು ಸಲ ಪರೀಕ್ಷೆ ಮಾಡಿದರೆ ಮುಗಿಯಿತು ಎಂದಲ್ಲ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ರಕ್ತ ಪರೀಕ್ಷೆಯಲ್ಲಿ ಅದು ಕಾಣುವುದೇ ಇಲ್ಲ. ಇವತ್ತು ‘ನೆಗೆಟಿವ್’ ಎಂದು ಬಂದವನ ವೀರ್ಯದಲ್ಲಿ ಇವತ್ತೇ ವೈರಸ್ ಇರಬಹುದು. ಅದಕ್ಕೆ ಸ್ಯಾಂಪಲ್ಲನ್ನು ಘನೀಕರಿಸಿ 6 ತಿಂಗಳು ಬೇರೆ ಇಟ್ಟು, ದಾನಿಯನ್ನು ಮತ್ತೆ ಕರೆಸಿ ಪರೀಕ್ಷಿಸಿ, ಆಗಲೂ ಸರಿ ಬಂದರೆ ಮಾತ್ರ ಬಿಡುಗಡೆ ಮಾಡುವ ಪದ್ಧತಿ ಬಂತು. 2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊರತಂದ ಮಾರ್ಗಸೂಚಿಯಲ್ಲೇ ಇದು ಇತ್ತು. ದಾನಿಯ ವೀರ್ಯ ಯಾವಾಗಲೂ ಘನೀಕರಿಸಿದ್ದೇ ಆಗಿರುವುದು ಈ ಕಾರಣಕ್ಕೆ. ‘ತಾಜಾ ಸ್ಯಾಂಪಲ್ ಇದೆ, ಇವತ್ತೇ ಬನ್ನಿ’ ಎನ್ನುವವರು ಈ ಆರು ತಿಂಗಳನ್ನು ಹಾರಿಸಿದ್ದಾರೆ ಎಂದೇ ಅರ್ಥ.

ಇನ್ನೊಂದು ನಿಯಮ ಬೇರೆ ದೇಶಗಳಲ್ಲಿ ಕಾಣುವುದು ಅಪರೂಪ. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಬ್ಯಾಂಕ್ ಕೊಡುವಂತಿಲ್ಲ. ಬ್ರಿಟನ್‌ನಲ್ಲಿ ಒಬ್ಬ ದಾನಿಗೆ 10 ಕುಟುಂಬದ ಮಿತಿ ಇದ್ದರೆ, ಇಲ್ಲಿ ಒಂದೇ. ಒಂದೇ ಊರಿನಲ್ಲಿ ಬೆಳೆದ ಇಬ್ಬರು ಮಕ್ಕಳು ತಮಗೆ ತಿಳಿಯದೆಯೇ ಒಂದೇ ತಂದೆಯ ಮಕ್ಕಳಾಗಿ, ಮುಂದೆ ಮದುವೆಯ ಮಾತಿಗೆ ಬರುವ ಸಾಧ್ಯತೆಯನ್ನು ಇದು ಬಹಳ ಮಟ್ಟಿಗೆ ತಪ್ಪಿಸುತ್ತದೆ. ಆದರೆ ಈ ನಿಯಮ ನಿಲ್ಲಬೇಕಾದರೆ ಪ್ರತಿ ಸ್ಟ್ರಾ ಎಲ್ಲಿ ಹೋಯಿತು, ಯಾರಿಗೆ ಬಳಕೆಯಾಯಿತು, ಉಳಿದದ್ದು ಏನಾಯಿತು ಎಂಬ ಲೆಕ್ಕ ಇರಲೇಬೇಕು. ಕ್ಲಿನಿಕ್ ಬಾಗಿಲು ದಾಟಿ ಹೊರಟ ಸ್ಟ್ರಾಕ್ಕೆ ಲೆಕ್ಕ ಇಡುವವರು ಯಾರು? ಮನೆಯಲ್ಲಿ ಬಳಸಿದಿರೋ, ಅಕ್ಕನ ಸೊಸೆಗೆ ಕೊಟ್ಟಿರೋ ಹೇಳುವವರಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮನೆ ಬಳಕೆಗೆ ಅಡ್ಡ ಬರುವ ಎಲ್ಲ ಕಾರಣಗಳಿಗಿಂತ ಬಲವಾದ ಕಾರಣ ಇದು.

ಕ್ಲಿನಿಕ್ ಮತ್ತು ಬ್ಯಾಂಕ್ ದಾಖಲೆಗಳನ್ನು ಕನಿಷ್ಠ 10 ವರ್ಷ ಇಡಬೇಕು, ಆಮೇಲೆ ಅವು ರಾಷ್ಟ್ರೀಯ ನೋಂದಣಿ ವ್ಯವಸ್ಥೆಗೆ ಹೋಗುತ್ತವೆ. ದಾನಿಯ ವೀರ್ಯವನ್ನು 10 ವರ್ಷ ಮೀರಿ ಇಡುವಂತಿಲ್ಲ.

‘ಅಥವಾ ಅವುಗಳ ರೋಗಿಗಳಿಗೆ’ ಎಂಬ ಮಾತು

ಕಾಯ್ದೆಯ ಪುಟ ತಿರುವಿದವರು ಒಂದು ಪ್ರಶ್ನೆ ಎತ್ತುತ್ತಾರೆ. ಬ್ಯಾಂಕ್ ಎಂದರೆ ಏನು ಎಂಬ ವ್ಯಾಖ್ಯೆಯಲ್ಲಿ, ವೀರ್ಯ ಮತ್ತು ಅಂಡಾಣುವನ್ನು ‘ಎಆರ್‌ಟಿ ಕ್ಲಿನಿಕ್‌ಗಳಿಗೆ ಅಥವಾ ಅವುಗಳ ರೋಗಿಗಳಿಗೆ’ ಪೂರೈಸುವ ಸಂಸ್ಥೆ ಎಂದಿದೆ. ಹಾಗಾದರೆ ರೋಗಿಯ ಕೈಗೆ ಕೊಡಬಹುದಲ್ಲವೇ?

ಈ ಒಂದು ಮಾತನ್ನು ಮಾತ್ರ ಹಿಡಿದು ಓದಿದರೆ ಹಾಗೆ ಅನ್ನಿಸುತ್ತದೆ. ಆದರೆ ಅಲ್ಲಿರುವುದು ಕ್ಲಿನಿಕ್‌ನ ರೋಗಿ. ಅಂದರೆ ನೋಂದಾಯಿತ ಕ್ಲಿನಿಕ್‌ನಲ್ಲಿ ಹೆಸರು, ಒಪ್ಪಿಗೆ ಪತ್ರ, ಚಿಕಿತ್ಸೆಯ ದಾಖಲೆ ಎಲ್ಲ ಇರುವವರು. ಮುಂದೆ 29ನೇ ಸೆಕ್ಷನ್‌ಗೆ ಬಂದರೆ ವೀರ್ಯ, ಅಂಡಾಣು, ಭ್ರೂಣಗಳ ಮಾರಾಟ, ವರ್ಗಾವಣೆ, ಬಳಕೆಯನ್ನು ನೇರವಾಗಿಯಾಗಲಿ ಸುತ್ತಿ ಬಳಸಿಯಾಗಲಿ ಮಾಡುವುದನ್ನು ನಿಷೇಧಿಸಿ, ಒಂದೇ ಒಂದು ವಿನಾಯಿತಿ ಇಟ್ಟಿದೆ: ಈ ಕ್ಷೇತ್ರದ ಮೇಲ್ವಿಚಾರಣೆಗೆ ಇರುವ ರಾಷ್ಟ್ರೀಯ ಮಂಡಳಿಯ ಅನುಮತಿಯೊಂದಿಗೆ, ಸ್ವಂತ ಬಳಕೆಗೆ, ತಮ್ಮದೇ ವೀರ್ಯ, ಅಂಡಾಣು ಅಥವಾ ಭ್ರೂಣವನ್ನು ಸಾಗಿಸುವುದು. ದಾನಿಯದು ‘ತಮ್ಮದು’ ಆಗುವುದಿಲ್ಲ. ಇದರ ಜೊತೆಗೆ, ಮಾಡಿದ ಚಿಕಿತ್ಸೆಯ ವಿವರ ಬರೆದ ಡಿಸ್ಚಾರ್ಜ್ ಸರ್ಟಿಫಿಕೇಟ್ ಕೊಡಲೇಬೇಕು ಎಂದೂ ಕಾಯ್ದೆ ಹೇಳುತ್ತದೆ. ನೀವು ಮನೆಯಲ್ಲಿ ಮಾಡಿಕೊಂಡ ಕೆಲಸಕ್ಕೆ ಕ್ಲಿನಿಕ್ ಯಾವ ಸರ್ಟಿಫಿಕೇಟ್ ಕೊಡಲು ಸಾಧ್ಯ? ಎಲ್ಲವನ್ನೂ ಜೋಡಿಸಿ ಓದಿದಾಗ ಬಾಗಿಲು ಮುಚ್ಚಿದೆ.

ದಂಡವೂ ಸಣ್ಣದಲ್ಲ. ವೀರ್ಯ ಅಥವಾ ಅಂಡಾಣು ಮಾರುವುದು, ಅದರ ವ್ಯಾಪಾರಕ್ಕೆ ಏಜೆನ್ಸಿ ನಡೆಸುವುದು, ದಾನಿ ಹುಡುಕಲು ಮಧ್ಯವರ್ತಿ ಇಟ್ಟುಕೊಳ್ಳುವುದು, ಹೊರದೇಶದಿಂದ ತರಿಸುವುದು ಅಥವಾ ತರಿಸಲು ನೆರವಾಗುವುದು ಇವೆಲ್ಲ ಅಪರಾಧ. ಮೊದಲ ಸಲ 5 ಲಕ್ಷದಿಂದ 10 ಲಕ್ಷ ರೂಪಾಯಿ ದಂಡ. ಮತ್ತೆ ಮಾಡಿದರೆ 3ರಿಂದ 8 ವರ್ಷ ಜೈಲು, ಜೊತೆಗೆ 10 ಲಕ್ಷದಿಂದ 20 ಲಕ್ಷ ದಂಡ. ಇದು ಡಾಕ್ಟರಿಗೆ ಮಾತ್ರವಲ್ಲ, ‘ಯಾವುದೇ ವ್ಯಕ್ತಿ’ಗೂ ಅನ್ವಯ. ಹಾಗಾಗಿ ಅಮೆರಿಕದ ಬ್ಯಾಂಕ್‌ನ ವೆಬ್‌ಸೈಟಿನಲ್ಲಿ ಕಾರ್ಡ್ ಉಜ್ಜಿ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಟ್ಯಾಂಕ್ ತರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಕಾನೂನು ಬಿಟ್ಟರೂ ಅಡುಗೆಮನೆ ಲ್ಯಾಬ್ ಆಗದು

ಘನೀಕರಿಸಿದ ವೀರ್ಯ ಸಾಮಾನ್ಯವಾಗಿ ಅರ್ಧ ಮಿಲಿ ಲೀಟರ್ ಹಿಡಿಯುವ ಸಣ್ಣ ಸ್ಟ್ರಾದಲ್ಲೋ ಪುಟ್ಟ ವಯಲ್‌ನಲ್ಲೋ ಇರುತ್ತದೆ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಅದನ್ನು ಇಡುತ್ತಾರೆ. ಮನೆಯ ಫ್ರೀಜರ್ ಮೈನಸ್ 18ರ ಆಸುಪಾಸು. ಐಸ್‌ಕ್ರೀಂ ಸಾಗಿಸುವ ಡ್ರೈ ಐಸ್ ಕೂಡ ಮೈನಸ್ 78ರಷ್ಟೇ. ಮೈನಸ್ 130ಕ್ಕಿಂತ ಮೇಲೆ ಬಂದರೆ ವೀರ್ಯಾಣುವಿನ ಒಳಗೂ ಹೊರಗೂ ಐಸ್ ಹರಳುಗಳು ಮತ್ತೆ ಬೆಳೆಯಲು ಶುರುವಾಗಿ ಪೊರೆಯನ್ನು ಸೀಳುತ್ತವೆ. ಟ್ಯಾಂಕ್‌ನಿಂದ ಎತ್ತಿದ ತೆಳು ಸ್ಟ್ರಾ ಬೆಂಗಳೂರಿನ ತಂಪು ಗಾಳಿಯಲ್ಲೂ ನೋಡನೋಡುತ್ತಲೇ ಕರಗುತ್ತದೆ. ಕರಗಿದ್ದನ್ನು ಮತ್ತೆ ಘನೀಕರಿಸಲು ಬರುವುದಿಲ್ಲ. ದ್ರವ ಸಾರಜನಕವನ್ನು ಮುಚ್ಚಿದ ಕಾರಿನಲ್ಲಿ ಒಯ್ಯುವುದು ಬೇರೆಯದೇ ಅಪಾಯ. ಅದು ಆವಿಯಾಗುತ್ತ ಆಮ್ಲಜನಕವನ್ನು ಪಕ್ಕಕ್ಕೆ ತಳ್ಳುತ್ತದೆ, ವಾಸನೆ ಇಲ್ಲದ್ದರಿಂದ ಗೊತ್ತೇ ಆಗುವುದಿಲ್ಲ.

ಕರಗಿದ ಮೇಲೂ ತೊಂದರೆ ಮುಗಿಯುವುದಿಲ್ಲ. ಘನೀಕರಿಸುವ ಮುಂಚೆ ಚಲಿಸುತ್ತಿದ್ದ ವೀರ್ಯಾಣುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಕರಗಿಸಿದ ಮೇಲೆ ಚಲಿಸುತ್ತವೆ. ಅವುಗಳ ಆಯಸ್ಸೂ ಕಡಿಮೆ. ತಾಜಾ ವೀರ್ಯಾಣು ಹೆಣ್ಣಿನ ದೇಹದಲ್ಲಿ 5 ದಿನದವರೆಗೂ ಬದುಕಬಹುದು. ಕರಗಿಸಿದ್ದಕ್ಕೆ ಸುಮಾರು ಒಂದು ದಿನ ಸಿಕ್ಕರೆ ಹೆಚ್ಚು. ಅದಕ್ಕೇ ಅಂಡಾಣು ಹೊರಬರುವ ಹೊತ್ತಿಗೆ ಸರಿಯಾಗಿ, ಯೋನಿಯಲ್ಲಿ ಬಿಡದೆ ನೇರವಾಗಿ ಗರ್ಭಾಶಯದೊಳಗೆ ಬಿಡುತ್ತಾರೆ. ಲ್ಯಾಬ್‌ನಲ್ಲಿ 37 ಡಿಗ್ರಿಯಲ್ಲಿ ಕರಗಿಸಿ, ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಎಷ್ಟು ಚಲಿಸುತ್ತಿವೆ ಎಂದು ಎಣಿಸುತ್ತಾರೆ. ಎಣಿಕೆ ತೀರಾ ಕಡಿಮೆ ಬಂದರೆ ಇನ್ನೊಂದು ಸ್ಟ್ರಾ ತೆಗೆಯುತ್ತಾರೆ. ಮನೆಯಲ್ಲಿ ಆ ಎಣಿಕೆಯೇ ಇಲ್ಲ. ಸತ್ತ ವೀರ್ಯಾಣುಗಳನ್ನು ಹಾಕಿಕೊಂಡು ಎರಡು ವಾರ ಆಸೆಯಿಂದ ಕಾಯುವುದಾಗುತ್ತದೆ.

ಗಂಡನದೇ ವೀರ್ಯವಾದರೆ

ಎಆರ್‌ಟಿ ಕಾಯ್ದೆ ನೋಂದಣಿ ಕೇಳುವುದು ಕ್ಲಿನಿಕ್ ಮತ್ತು ಬ್ಯಾಂಕ್‌ಗಳನ್ನು. ಗಂಡ ಹೆಂಡತಿ ತಮ್ಮ ಕೋಣೆಯಲ್ಲಿ ತಮ್ಮದೇ ವೀರ್ಯವನ್ನು ಹೇಗೆ ಬಳಸುತ್ತಾರೆ ಎಂಬುದಕ್ಕೆ ಯಾರ ಪರವಾನಗಿಯೂ ಬೇಡ. ಯೋನಿಯ ಸ್ನಾಯು ಬಿಗಿದು ಸಂಭೋಗವೇ ಸಾಧ್ಯವಾಗದ ಹೆಂಗಸರಿಗೆ, ನಿಮಿರುವಿಕೆ ನಿಲ್ಲದ ಅಥವಾ ಸಂಭೋಗದಲ್ಲಿ ಸ್ಖಲನವಾಗದ ಗಂಡಸರಿಗೆ ಸ್ತ್ರೀರೋಗ ತಜ್ಞರೇ ಈ ಉಪಾಯ ಹೇಳುವುದುಂಟು. ಮದುವೆಯಾಗಿ ವರ್ಷಗಳಾದರೂ ಇದನ್ನು ಯಾರ ಬಳಿಯೂ ಬಾಯಿ ಬಿಡದವರು ಬಹಳ. ನೇರವಾಗಿ ಐವಿಎಫ್‌ಗೆ ಲಕ್ಷಾಂತರ ರೂಪಾಯಿ ಸುರಿಯುವ ಮುಂಚೆ ಡಾಕ್ಟರ ಬಳಿ ಈ ಮಾತು ಎತ್ತಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮೊದಲು ಎರಡು ಪರೀಕ್ಷೆ ಆಗಿರಲಿ. ಗಂಡನ ವೀರ್ಯ ಪರೀಕ್ಷೆ, 2ರಿಂದ 7 ದಿನ ಸ್ಖಲನವಿಲ್ಲದೆ ಇದ್ದು ಕೊಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳ ಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿ ಲೀಟರ್, ಒಂದು ಮಿಲಿ ಲೀಟರಿನಲ್ಲಿ 1.6 ಕೋಟಿ ವೀರ್ಯಾಣು, ಒಟ್ಟು ಚಲನೆ ಶೇ 42, ಮುಂದಕ್ಕೆ ಈಜುವಂಥವು ಶೇ 30. ಹೆಂಡತಿಗೆ ಅಂಡೋತ್ಪತ್ತಿ ಆಗುತ್ತಿದೆಯೇ, ಅಂಡನಾಳ ತೆರೆದಿದೆಯೇ ಎಂಬುದು ಇನ್ನೊಂದು. ನಾಳ ಮುಚ್ಚಿದ್ದರೆ ಎಷ್ಟು ತಿಂಗಳು ಸಿರಿಂಜ್ ಹಿಡಿದರೂ ಪ್ರಯೋಜನವಿಲ್ಲ.

ಬೇಕಾದ ಸಾಮಾನು ಎರಡೇ: ಲ್ಯಾಬ್‌ಗಳಲ್ಲೂ ಮೆಡಿಕಲ್ ಶಾಪ್‌ನಲ್ಲೂ ಸಿಗುವ ಸೀಲ್ ಮಾಡಿದ ಸ್ಟೆರೈಲ್ ಡಬ್ಬಿ, ಸೂಜಿ ಇಲ್ಲದ 5 ಮಿಲಿ ಲೀಟರ್‌ನ ಹೊಸ ಸಿರಿಂಜ್. ವೀರ್ಯವನ್ನು ಡಬ್ಬಿಯಲ್ಲಿ ಹಿಡಿಯುವಾಗ ಮೊದಲ ಭಾಗ ಹೊರಗೆ ಬೀಳದಂತೆ ನೋಡಿಕೊಳ್ಳಿ, ವೀರ್ಯಾಣು ಹೆಚ್ಚಿರುವುದು ಅದರಲ್ಲೇ. ಎಂಜಲು, ಸೋಪು, ಎಣ್ಣೆ, ಜೆಲ್ ಯಾವುದೂ ಬೇಡ, ಇವು ಚಲನೆಯನ್ನು ಕುಗ್ಗಿಸುತ್ತವೆ. ಅಂಗಡಿಯ ಸಾಮಾನ್ಯ ಕಾಂಡೋಮ್‌ನಲ್ಲಿ ಹಿಡಿದು ಸುರಿಯಬೇಡಿ. ಸ್ಖಲನವಾದ ಕೂಡಲೆ ವೀರ್ಯ ಲೋಳೆಯಂತೆ ಗಟ್ಟಿಯಿರುತ್ತದೆ, 15ರಿಂದ 30 ನಿಮಿಷದಲ್ಲಿ ತಾನೇ ನೀರಾಗುತ್ತದೆ. ಆಮೇಲೆ ಗುಳ್ಳೆ ಬಾರದಂತೆ ನಿಧಾನವಾಗಿ ಸಿರಿಂಜ್‌ಗೆ ಎಳೆದು, ಹೆಂಡತಿ ಮಲಗಿದ ಸ್ಥಿತಿಯಲ್ಲಿ ಯೋನಿಯೊಳಗೆ ಮೆಲ್ಲಗೆ ಬಿಡಬೇಕು. ಎಲ್ಲವೂ ಒಂದು ಗಂಟೆಯೊಳಗೆ ಮುಗಿಯಲಿ. 10–15 ನಿಮಿಷ ಮಲಗಿದ್ದರೆ ಸಾಕು. ಕಾಲು ಗೋಡೆಗೆ ಎತ್ತಿ ಗಂಟೆಗಟ್ಟಲೆ ಇರಬೇಕಿಲ್ಲ. ಎದ್ದಾಗ ಸ್ವಲ್ಪ ಹೊರಬಂದರೆ ಗಾಬರಿ ಬೇಡ, ಅದು ಆಗುವಂಥದ್ದೇ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಆನ್‌ಲೈನ್‌ನಲ್ಲಿ ಸಿಗುವ ಉದ್ದ ಟ್ಯೂಬ್ ಸಿಕ್ಕಿಸಿ ಗರ್ಭಕಂಠ ದಾಟಿಸಿ ಗರ್ಭಾಶಯದೊಳಗೆ ಬಿಡುವ ಸಾಹಸ ಮಾಡಲೇಬೇಡಿ. ತೊಳೆಯದ ವೀರ್ಯದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಇರುತ್ತದೆ. ಅದು ಗರ್ಭಾಶಯವನ್ನು ಹಿಂಡಿದಂತೆ ನೋಯಿಸುತ್ತದೆ, ಬೆವರು ಬಂದು ರಕ್ತದೊತ್ತಡ ಕುಸಿಯಬಹುದು. ವೀರ್ಯದ ಜೊತೆ ಬರುವ ಬ್ಯಾಕ್ಟೀರಿಯಾ ಗರ್ಭಾಶಯಕ್ಕೂ ಅಂಡನಾಳಕ್ಕೂ ಸೋಂಕು ತಂದರೆ ಇದ್ದ ನಾಳವೂ ಮುಚ್ಚಿಹೋಗುತ್ತದೆ. ಕ್ಲಿನಿಕ್‌ನಲ್ಲಿ ಮೊದಲು ತೊಳೆಯುವುದು ಇದಕ್ಕೇ.

ದಿನ ಹಿಡಿಯುವುದರಲ್ಲೇ ಬಹಳ ಜನ ಎಡವುವುದು. ಮೂತ್ರದಲ್ಲಿ ಎಲ್‌ಎಚ್ ಹಾರ್ಮೋನ್ ಏರಿದ್ದನ್ನು ತೋರಿಸುವ ಪಟ್ಟಿ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಅದು ಪಾಸಿಟಿವ್ ಆದ ಸುಮಾರು 24ರಿಂದ 36 ಗಂಟೆಯಲ್ಲಿ ಅಂಡಾಣು ಹೊರಬರುತ್ತದೆ. ಪಾಸಿಟಿವ್ ಬಂದ ದಿನ ಒಮ್ಮೆ, ಮಾರನೆಯ ದಿನ ಒಮ್ಮೆ ಮಾಡುವುದು ರೂಢಿ. ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡೋತ್ಪತ್ತಿ ಸರಿಯಾಗಿ ಆಗದ ಸಮಸ್ಯೆ) ಇದ್ದವರಿಗೆ ಎಲ್‌ಎಚ್ ಸದಾ ಮೇಲೇ ಇರುವುದರಿಂದ ಪಟ್ಟಿ ಸುಳ್ಳು ಹೇಳಬಹುದು, ಅವರಿಗೆ ಸ್ಕ್ಯಾನ್ ಬೇಕು. ಹೆಂಡತಿಗೆ 35 ದಾಟಿದ್ದರೆ ಮನೆ ಪ್ರಯತ್ನಕ್ಕೆ 6 ತಿಂಗಳಿಗಿಂತ ಹೆಚ್ಚು ಕೊಡಬೇಡಿ.

ಇನ್ನು ಮನೆಯಲ್ಲಿ ಹಿಡಿದ ಸ್ಯಾಂಪಲ್ಲನ್ನು ಐಯುಐಗಾಗಿ ಕ್ಲಿನಿಕ್‌ಗೆ ಒಯ್ಯುವುದು. ಇದಕ್ಕೆ ಅವಕಾಶ ಉಂಟು, ಆದರೆ ಒಂದು ಗಂಟೆಯೊಳಗೆ, ಸಾಧ್ಯವಾದರೆ ಅರ್ಧ ಗಂಟೆಯಲ್ಲಿ ಲ್ಯಾಬ್ ಸೇರಬೇಕು. ವೈಟ್‌ಫೀಲ್ಡ್‌ನಿಂದ ಜಯನಗರಕ್ಕೆ, ಯಲಹಂಕದಿಂದ ಕೋರಮಂಗಲಕ್ಕೆ ಬೆಳಗಿನ ಒಂಬತ್ತರ ಟ್ರಾಫಿಕ್‌ನಲ್ಲಿ ಇದು ಆಗದ ಮಾತು. ಅಂಥವರು ಕ್ಲಿನಿಕ್‌ನ ಕಲೆಕ್ಷನ್ ರೂಮಿನಲ್ಲೇ ಕೊಡುವುದು ಲೇಸು. ಅಲ್ಲಿ ಒತ್ತಡದಿಂದ ಆಗುವುದೇ ಇಲ್ಲ ಎನ್ನುವವರು ಒಂದು ಸ್ಯಾಂಪಲ್ಲನ್ನು ಮುಂಚೆಯೇ ಘನೀಕರಿಸಿ ಇಡಲು ಕೇಳಬಹುದು. ಹತ್ತಿರದವರಾದರೆ ಡಬ್ಬಿಯನ್ನು ನೆಟ್ಟಗೆ, ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಸ್ಕೂಟರ್ ಡಿಕ್ಕಿಯಲ್ಲಿ ಬೇಡ, ಡಿಸೆಂಬರಿನ ಬೆಳಗಿನಲ್ಲಿ ತಣ್ಣಗಾಗುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಬೇಯುತ್ತದೆ. ಡಬ್ಬಿಯ ಮೇಲೆ ಇಬ್ಬರ ಹೆಸರು, ಹಿಡಿದ ಸಮಯ ಬರೆದಿರಲಿ.

ಗೆಳೆಯ, ನೆಂಟ, ಟೆಲಿಗ್ರಾಂ ‘ದಾನಿ’

ಕ್ಲಿನಿಕ್ ಕೊಡುವುದಿಲ್ಲ ಎಂದಾಗ ಕೆಲವರು ಪರಿಚಿತರನ್ನೋ ಸಾಮಾಜಿಕ ಜಾಲತಾಣದ ‘ದಾನಿ’ಗಳನ್ನೋ ಹುಡುಕುತ್ತಾರೆ. ಹಣ ಪಡೆದು ಕೊಡುವುದು ಮೇಲೆ ಹೇಳಿದ ಅಪರಾಧದ ಒಳಗೇ ಬರುತ್ತದೆ. ಹಣವಿಲ್ಲದೆ, ಪ್ರೀತಿಯಿಂದ ಕೊಟ್ಟರೂ ಎರಡು ರಕ್ಷಣೆ ಕೈ ತಪ್ಪುತ್ತವೆ.

ಒಂದು, ಆರೋಗ್ಯದ್ದು. ಆರು ತಿಂಗಳ ತಡೆ ಇಲ್ಲ, ಮರುಪರೀಕ್ಷೆ ಇಲ್ಲ. ಆತ ಫೋನಿನಲ್ಲಿ ತೋರಿಸುವ ರಿಪೋರ್ಟ್ ಯಾವತ್ತಿನದು, ಯಾರದು ಎಂದು ಹೇಳಲಾಗದು. ಥಲಸ್ಸೀಮಿಯಾದಂಥ ರಕ್ತದ ಕಾಯಿಲೆ ಇಬ್ಬರಲ್ಲೂ ಅಡಗಿದ್ದರೆ ಮಗುವಿಗೆ ಜೀವನಪರ್ಯಂತ ರಕ್ತ ಕೊಡಿಸಬೇಕಾಗಿ ಬರಬಹುದು.

ಎರಡನೆಯದು ಮಗುವಿನ ಹಕ್ಕಿನದು, ಜನ ಇದನ್ನು ಯೋಚಿಸುವುದೇ ಕಡಿಮೆ. ಎಆರ್‌ಟಿ ಮೂಲಕ ಹುಟ್ಟಿದ ಮಗುವನ್ನು ಆ ದಂಪತಿಯ ಸ್ವಂತ ಮಗು ಎಂದೇ 31ನೇ ಸೆಕ್ಷನ್ ಪರಿಗಣಿಸುತ್ತದೆ. ಆಸ್ತಿಯೂ ಸೇರಿ ಎಲ್ಲ ಹಕ್ಕು ಆ ಮಗುವಿಗೆ ಉಂಟು, ದಾನಿ ತಂದೆತನದ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಿರುತ್ತಾನೆ. ಇದಕ್ಕೆ ಆಧಾರ ಕ್ಲಿನಿಕ್‌ನ ಒಪ್ಪಿಗೆ ಪತ್ರ ಮತ್ತು ದಾಖಲೆ. ಮನೆಯಲ್ಲಿ ಪರಿಚಿತನಿಂದ ಪಡೆದಿದ್ದರೆ ಅಂಥ ಕಾಗದ ಒಂದೂ ಇರುವುದಿಲ್ಲ. ಮದುವೆಯಾಗಿದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಸೆಕ್ಷನ್ ನೆರವಿಗಿದೆ, ದಾಂಪತ್ಯದಲ್ಲಿ ಹುಟ್ಟಿದ ಮಗು ಗಂಡನದೇ ಎಂದು ಅದು ಬಲವಾಗಿ ಪರಿಗಣಿಸುತ್ತದೆ. ಆದರೆ ಮುಂದೆ ದಾಯಾದಿಗಳು ಆಸ್ತಿ ಕೇಸು ಹಾಕಿದಾಗ ಅಥವಾ ಆ ಗೆಳೆಯನೇ ‘ಮಗು ನನ್ನದು’ ಎಂದು ಬಂದಾಗ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಮದುವೆಯಾಗದವಳಿಗೆ ಆ ಆಸರೆಯೂ ಇಲ್ಲ. ಗೆಳೆಯನ ಬಳಿ ಛಾಪಾ ಕಾಗದದ ಮೇಲೆ ಬರೆಸಿಕೊಂಡ ಒಪ್ಪಂದ ಎಆರ್‌ಟಿ ದಾಖಲೆಯ ಸ್ಥಾನಕ್ಕೆ ಬಾರದು.

ಬ್ರಿಟನ್‌ನಲ್ಲೂ ಹೀಗೆಯೇ. ಪರವಾನಗಿ ಇರುವ ಕ್ಲಿನಿಕ್ ಮೂಲಕ ಕೊಟ್ಟ ದಾನಿ ಕಾನೂನಿನ ತಂದೆಯಲ್ಲ. ಒಬ್ಬಂಟಿ ಹೆಂಗಸಿಗೆ ಮನೆಯಲ್ಲಿ ಕೊಟ್ಟವನು ಕಾನೂನಿನ ತಂದೆ ಆಗಿಬಿಡಬಹುದು, ಮಗುವಿನ ಖರ್ಚಿನ ಹೊಣೆಯೂ ಅವನ ಮೇಲೆ ಬರಬಹುದು.

ಕ್ಲಿನಿಕ್‌ನಲ್ಲಿ ದಾನಿ ವೀರ್ಯದ ಐಯುಐ

21 ದಾಟಿದ, 50 ತುಂಬದ ಹೆಂಗಸಿಗೆ ಈ ಸೇವೆ ಕೊಡಬಹುದು. ಗಂಡಸಿಗೆ ಮೇಲ್ಮಿತಿ 55. ‘ದಂಪತಿ’ ಎಂದರೆ ಕಾಯ್ದೆಯಲ್ಲಿ ಮದುವೆಯಾದವರು ಮಾತ್ರ, ಲಿವ್-ಇನ್ ಜೋಡಿ ಅದರಲ್ಲಿ ಸೇರಿಲ್ಲ. ಆದರೆ ‘ಮಹಿಳೆ’ ಎಂಬ ಬೇರೆ ವ್ಯಾಖ್ಯೆಯೂ ಇದೆ, ಮದುವೆಯಾಗದವರು, ವಿಚ್ಛೇದಿತರು, ವಿಧವೆಯರು ಅದರಡಿ ಬರಬಹುದು. ‘ಒಬ್ಬಂಟಿ ಹೆಂಗಸರಿಗೆ ನಾವು ಮಾಡುವುದಿಲ್ಲ’ ಎಂದು ಒಂದು ಕಡೆ ಹೇಳಿದರೆ ಅದು ಆ ಕ್ಲಿನಿಕ್‌ನ ತೀರ್ಮಾನ, ಇನ್ನೊಂದು ಕಡೆ ಕೇಳಿ.

ಹೋಗುವ ಮುಂಚೆ ರಾಷ್ಟ್ರೀಯ ಎಆರ್‌ಟಿ ಮತ್ತು ಸರೊಗಸಿ (ಬಾಡಿಗೆ ತಾಯ್ತನ) ನೋಂದಣಿಯ ಸರ್ಕಾರಿ ವೆಬ್‌ಸೈಟಿನಲ್ಲಿ ಕ್ಲಿನಿಕ್ ಹೆಸರು ಇದೆಯೇ, ಯಾವ ಲೆವೆಲ್ ಎಂದು ನೋಡಿ. ಒಂದೇ ಹೆಸರಿನ ಸರಣಿ ಕ್ಲಿನಿಕ್‌ಗಳಿಗೆ ಬೆಂಗಳೂರಿನಲ್ಲಿ ಹಲವು ಶಾಖೆಗಳಿರುತ್ತವೆ. ಇಂದಿರಾನಗರದ ಶಾಖೆಗೆ ನೋಂದಣಿ ಇದ್ದ ಮಾತ್ರಕ್ಕೆ ಹೆಬ್ಬಾಳದ ಶಾಖೆಗೂ ಇದೆ ಎಂದು ಅಂದುಕೊಳ್ಳಬೇಡಿ. ಸರ್ಟಿಫಿಕೇಟನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಅದರ ಮೇಲಿನ ವಿಳಾಸ, ಅವಧಿ ಮುಗಿಯುವ ದಿನಾಂಕ ಓದಿ. ದಾನಿಯ ವೀರ್ಯ ಬರುವ ಬ್ಯಾಂಕ್‌ನ ನೋಂದಣಿಯನ್ನೂ ಕೇಳಿ.

ದಾನಿಯ ರಕ್ತದ ಗುಂಪು, ಎತ್ತರ, ಮೈಬಣ್ಣ, ಓದು ಇಂಥ ವಿವರ ನೋಡಿ ಆಯ್ಕೆಗೆ ಸಹಾಯ ಮಾಡುತ್ತಾರೆ, ಹೆಸರು ವಿಳಾಸ ಕೊಡುವುದಿಲ್ಲ. ತಾಯಿ ಆರ್‌ಎಚ್ ನೆಗೆಟಿವ್ ಆಗಿದ್ದರೆ ದಾನಿಯ ಗುಂಪಿನ ಬಗ್ಗೆ ಡಾಕ್ಟರ ಜೊತೆ ಮಾತಾಡುವುದು ಮುಖ್ಯ. ಮಗು ಗಂಡೇ ಬೇಕು ಎಂಬ ಮಾತು ಎತ್ತಲೇಬಾರದು. ಲಿಂಗ ಆಯ್ಕೆಯ ಸೇವೆಗೆ 5ರಿಂದ 10 ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದಿಂದ ಅಂಡಾಣು ಬೆಳೆಯಲು ಲೆಟ್ರೊಜೋಲ್‌ನಂಥ ಮಾತ್ರೆ ಕೊಟ್ಟು, ಸ್ಕ್ಯಾನ್‌ನಲ್ಲಿ ಅಂಡಾಣು ಬೆಳೆಯುವ ಪುಟ್ಟ ಚೀಲ (ಫಾಲಿಕಲ್) 18ರಿಂದ 20 ಮಿಲಿ ಮೀಟರ್ ಆದಾಗ, ಅಂಡಾಣು ಹೊರಬರಲು ಎಚ್‌ಸಿಜಿ ಚುಚ್ಚುಮದ್ದು ಹಾಕಿ, ಸುಮಾರು 36 ಗಂಟೆಗೆ ಐಯುಐ ಮಾಡುತ್ತಾರೆ. ತೊಳೆದ ವೀರ್ಯ ಅರ್ಧ ಮಿಲಿ ಲೀಟರಿನಷ್ಟೇ ಇರುತ್ತದೆ. ತೆಳುವಾದ ಮೆತ್ತನೆಯ ಕೊಳವೆಯಲ್ಲಿ (ಕ್ಯಾಥೆಟರ್) ಬಿಡಲು ಕೆಲವೇ ನಿಮಿಷ ಸಾಕು. ಒಳಪರೀಕ್ಷೆಯ ಭಯ ಇರುವವರು ಮುಂಚೆಯೇ ಹೇಳಿಬಿಟ್ಟರೆ ಸಣ್ಣ ಸ್ಪೆಕ್ಯುಲಂ (ಯೋನಿಯನ್ನು ತೆರೆದಿಡುವ ಉಪಕರಣ) ಬಳಸುತ್ತಾರೆ, ಅಮ್ಮನನ್ನೋ ಅಕ್ಕನನ್ನೋ ಜೊತೆಗೆ ಕೂರಲು ಬಿಡುತ್ತಾರೆ. ಮನೆಯಲ್ಲೇ ಮಾಡಿಕೊಳ್ಳಬೇಕು ಎನ್ನುವವರಲ್ಲಿ ಎಷ್ಟೋ ಜನರ ನಿಜವಾದ ಅಡಚಣೆ ಈ ಭಯವೇ. ಅದಕ್ಕೆ ಕ್ಲಿನಿಕ್‌ನಲ್ಲೇ ಪರಿಹಾರ ಉಂಟು.

ಬಿಡುವ ಮುಂಚೆ ಸ್ಟ್ರಾದ ಮೇಲಿನ ದಾನಿ ಕೋಡ್‌ನ್ನು ನಿಮ್ಮ ಫೈಲಿನ ಕೋಡ್‌ ಜೊತೆ ನಿಮ್ಮ ಎದುರೇ ಓದಿ ಹೇಳುವಂತೆ ಕೇಳಿ. ಅದರಿಂದ ಯಾರಿಗೂ ಬೇಸರವಾಗಬೇಕಿಲ್ಲ. ಮನೆಗೆ ಹೊರಡುವಾಗ ಸಹಿ ಮಾಡಿದ ಒಪ್ಪಿಗೆ ಪತ್ರದ ಪ್ರತಿ, ಬ್ಯಾಂಕ್ ಹೆಸರು ಮತ್ತು ದಾನಿ ಕೋಡ್ ಇರುವ ಚೀಟಿ, ಕರಗಿಸಿದ ಮೇಲಿನ ಎಣಿಕೆ, ಡಿಸ್ಚಾರ್ಜ್ ಸರ್ಟಿಫಿಕೇಟ್ ಕೈಯಲ್ಲಿರಲಿ. ಕೊಡದೆ ಸತಾಯಿಸಿದರೆ ಮೊದಲು ಕ್ಲಿನಿಕ್‌ನ ದೂರು ಕೋಶಕ್ಕೆ ಬರೆದು ಕೊಡಿ, ಪ್ರತಿ ಕ್ಲಿನಿಕ್‌ನಲ್ಲೂ ಅದು ಇರಲೇಬೇಕು. ಅಲ್ಲಿ ಆಗದಿದ್ದರೆ ಆರೋಗ್ಯ ಇಲಾಖೆಯಲ್ಲಿರುವ ರಾಜ್ಯದ ಸಕ್ಷಮ ಪ್ರಾಧಿಕಾರಕ್ಕೆ ದೂರು ಹೋಗುತ್ತದೆ.

ಮಗು ಹುಟ್ಟಿದ ಮೇಲೆ ಜನನ ನೋಂದಣಿಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ಗಂಡನ ಹೆಸರೇ ಬರುತ್ತದೆ, ದಾನಿಯ ಪ್ರಸ್ತಾಪ ಎಲ್ಲೂ ಇರುವುದಿಲ್ಲ, ಯಾರೂ ಕೇಳುವಂತೆಯೂ ಇಲ್ಲ. ಒಬ್ಬಂಟಿ ತಾಯಿ ಆ ಜಾಗವನ್ನು ಖಾಲಿ ಬಿಡಬಹುದು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಜನನ ಪ್ರಮಾಣಪತ್ರಕ್ಕೆ ಆಕೆಯಿಂದ ಒಂದು ಅಫಿಡವಿಟ್ ಪಡೆದರೆ ಸಾಕು ಎಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ಹೇಳಿದೆ. ಪಾಲಿಕೆಯ ಕೌಂಟರಿನಲ್ಲಿ ‘ತಂದೆಯ ಹೆಸರು ಇಲ್ಲದೆ ಆಗುವುದಿಲ್ಲ’ ಎಂದರೆ ಆ ತೀರ್ಪಿನ ಪ್ರತಿಯನ್ನು ಮುಂದಿಡಿ.